ಲೇಬಲ್ ಇಲ್ಲದ ಎರಡು ಸಾವಿರ ಬಾಟಲಿ

ಜೂನ್ ೯

ತಮ್ಮನಿಗೆ,

ಆಶೀರ್ವಾದ ಎಂದು ಬರೆಯಲು ಕೈ ಬರುತ್ತಿಲ್ಲ. ಮೇ ಎರಡರಂದು ನಿನ್ನ ಇಲಾಖೆ ಹೊರಡಿಸಿದ ಆದೇಶ ನಮ್ಮ ಭಟ್ಟಿಯ ಕತ್ತು ಹಿಸುಕಿದೆ. ಭಟ್ಟಿಯಲ್ಲೇ ಲೇಬಲ್ ಅಂಟಿಸದ ಮದ್ಯದ ಬಾಟಲಿ ಇನ್ನು ಗಡಿ ದಾಟುವಂತಿಲ್ಲ ಎಂಬ ಆ ಒಂದೂವರೆ ಪುಟದ ಕೆಳಗೆ ಇರುವುದು ನಿನ್ನ ಸಹಿ.

ಅಪ್ಪ ಮೂವತ್ತು ವರ್ಷ ಬಾಟಲಿಗಳನ್ನು ಬರಿಮೈಯಲ್ಲೇ ಹಡಗು ಹತ್ತಿಸಿದರು. ಏಕೆಂದು ನಿನಗೆ ಗೊತ್ತು. ನಮ್ಮ ಮೂವರು ಗಿರಾಕಿಗಳು ಮೂರು ದೇಶದವರು. ಒಬ್ಬರಿಗೆ ಎಚ್ಚರಿಕೆಯ ಮಾತು ಅವರ ಭಾಷೆಯಲ್ಲೇ ಬೇಕು, ಇನ್ನೊಬ್ಬರಿಗೆ ಮದ್ಯಸಾರದ ಪ್ರಮಾಣ ಎದುರಿಗೇ ಕಾಣಬೇಕು, ಮತ್ತೊಬ್ಬರಲ್ಲಿ ಪೀಪಾಯಿಯೊಳಗೆ ಎಷ್ಟು ವರ್ಷ ಮಾಗಿತೆಂದು ಬರೆಯಲೇಬಾರದು. ಯಾರಿಗೆ ಎಷ್ಟು ಬಾಟಲಿ ಎಂಬುದು ಮಾಲು ಮೂವರಿಗೂ ಹಂಚಿಕೆಯಾಗುವ ಹೊರದೇಶದ ಬಂದರು ಸೇರಿದ ಮೇಲೆ ತೀರ್ಮಾನವಾಗಿ, ಅಲ್ಲಿನ ಗೋದಾಮಿನಲ್ಲಿ ಅವರವರ ಲೇಬಲ್ ಅಂಟುತ್ತಿತ್ತು. ರಜೆಯಲ್ಲಿ ಅಪ್ಪನ ಜೊತೆ ಹೋಗಿ ನೀನೂ ಅಂಟಿಸಿದ್ದೀಯ. ಸೊಟ್ಟಗೆ ಅಂಟಿಸಿ ಬೈಸಿಕೊಂಡಿದ್ದೀಯ.

ಈಗ ಎರಡು ಸಾವಿರ ಬಾಟಲಿ ಬಂದರಿನಲ್ಲಿ ಬಿದ್ದಿವೆ. ತಪಾಸಣೆಯವನು ನಗುತ್ತಲೇ, "ಏನ್ ಮೇಡಂ, ಮನೇಲೇ ಕಾನೂನು ಇಟ್ಕೊಂಡು ನನ್ನ ಕೇಳ್ತೀರಲ್ಲ?" ಎಂದ. ಬಾಟಲಿ ತೊಳೆಯುವ ಚಿಕ್ಕಮ್ಮ ಸುಮ್ಮನಿರುತ್ತಾಳೆಯೇ? "ಅವನನ್ನ ಎತ್ತಾಡಿಸಿದ ಈ ಕೈಗೂ ಒಂದು ಲೇಬಲ್ ಅಂಟಿಸು ಅಂತ ಹೇಳು" ಎಂದಳು.

ಫೋನಿನಲ್ಲಿ ನೀನು, "ಕಳ್ಳಮಾಲು ತಡೀಬೇಕಲ್ಲ ಅಕ್ಕಾ" ಎಂದೆ. ಕಳ್ಳನಿಗೆ ಲೇಬಲ್ ಅಚ್ಚು ಹಾಕಿಸಲು ಬಾರದೇ? ಒಂದೇ ದೇಶಕ್ಕೆ ಲಕ್ಷಗಟ್ಟಲೆ ಕಳಿಸುವ ಕಂಪನಿಗೆ ಈ ನಿಯಮ ಸೊಳ್ಳೆ ಕಡಿದಷ್ಟು. ನಮಗೆ ಮೂರು ಬಗೆಯ ಲೇಬಲ್ ಅಚ್ಚಾಗಿ, ಇಲಾಖೆಯ ಒಪ್ಪಿಗೆ ಸಿಗಲು ಮೂರು ತಿಂಗಳು. ಗಿರಾಕಿಗಳು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರೆ. ಆಮೇಲೆ ಭಟ್ಟಿಯ ಒಲೆ ಆರುತ್ತದೆ, ಹನ್ನೊಂದು ಮಂದಿ ಕೆಲಸ ಕಳೆದುಕೊಳ್ಳುತ್ತಾರೆ. ಹಿಂದೆ ಮುಚ್ಚಳದ ನಿಯಮ ಬದಲಾದಾಗ ಇದೇ ಇಲಾಖೆ ಸಣ್ಣವರಿಗೆ ಒಂದು ವರ್ಷದ ಗಡುವು ಕೊಟ್ಟಿತ್ತು. ನಾನು ಮರೆತಿಲ್ಲ. ನೀನು ಒಂದು ದಿನವನ್ನೂ ಕೊಡಲಿಲ್ಲ.

ಹದಿನೆಂಟರಂದು ವರ್ತಕರ ಬಹಿರಂಗ ಸಭೆಗೆ ನೀನು ಬರುತ್ತಿದ್ದೀಯಂತೆ. ನಾನೂ ಬರುತ್ತೇನೆ. ಅಲ್ಲಿ ಅಕ್ಕ ಎಂದು ಕರೆಯಬೇಡ.

ಇಂತು,
ಭಟ್ಟಿಯ ಯಜಮಾನಿ

ತಾ.ಕ.: ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಈ ನಿಯಮದ ಕರಡು ಜನವರಿಯಲ್ಲೇ ನಮಗೂ ಬಂದಿತ್ತು. ಕೆಳಗೆ ನಿನ್ನ ಹೆಸರು ಕಂಡು, ನಮ್ಮ ಹುಡುಗ ನಮಗೆ ಕೇಡು ಬಗೆಯುತ್ತಾನೆಯೇ ಎಂದುಕೊಂಡು, ಓದದೆ 'ಒಪ್ಪಿಗೆ' ಎಂದು ಬರೆದು ಕಳಿಸಿದವಳು ನಾನೇ. ಆ ಕಾಗದ ನಿನ್ನ ಕಡತದಲ್ಲಿದೆ. ಈವರೆಗೆ ನೀನು ಅದರ ಮಾತೆತ್ತಿಲ್ಲ. ನನ್ನ ಮರ್ಯಾದೆ ಕಾಯುವುದು ಬೇಡ. ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದು. ನಾನು ಓದದೆ ಒಪ್ಪಿದೆ. ನೀನು ಎಲ್ಲ ತಿಳಿದೂ ಏಕೆ ಒಪ್ಪಿದೆ ಎಂಬುದಕ್ಕೆ ಎಲ್ಲರೆದುರು ಉತ್ತರ ಕೊಡು.