ಐದು ಅಡಿ ಮೇಲೆ ಹೋದ ಗೂಟ

ಅಣೆಕಟ್ಟು ಕಚೇರಿಯ ಸಾಹೇಬರಿಗೆ ನಮಸ್ಕಾರ.

ಈಗ ಸಂಜೆ ಆರು ಗಂಟೆ. ಅಣೆಕಟ್ಟಿನ ನೀರು ಎಲ್ಲಿಯವರೆಗೆ ಬರುತ್ತದೆಂದು ತೋರಿಸಲು ನಿಮ್ಮ ಸರ್ವೆಯವರು ಇಂದು ನಮ್ಮ ಮನೆಯೊಳಗೆ ಕೆಂಪು ಗೆರೆ ಎಳೆದು, ಹಿತ್ತಲಲ್ಲಿ ಗೂಟ ಹೊಡೆದು ಹೋದರು.

"ಅಜ್ಜಾ, ಅಡುಗೆಮನೆ ಮುಳುಗುತ್ತೆ, ಮಲಗೋ ಕೋಣೆ ಮುಳುಗಲ್ಲ," ಅಂದರು.

"ಹಾಗಾದ್ರೆ ಊಟಕ್ಕೆ ಈಜಿಕೊಂಡು ಹೋಗ್ಲೇನಪ್ಪಾ?" ಅಂದೆ.

ಮನೆ ಬಿಡಲು ನನ್ನದೇನೂ ಅಡ್ಡಿಯಿಲ್ಲ. ಆದರೆ ಮುಳುಗುವ ಸಮಾಧಿಗಳನ್ನು ಮಾತ್ರ ಹೊಸ ಊರಿಗೆ ಸಾಗಿಸುತ್ತಾರಂತೆ. ಹಿತ್ತಲಲ್ಲೇ ಇರುವ ನನ್ನ ಹೆಂಡತಿಯ ಸಮಾಧಿ ಗೂಟಕ್ಕಿಂತ ನಾಲ್ಕು ಅಡಿ ಮೇಲಿದೆ. ಕೊಳೆತ ತರಕಾರಿ ತರುತ್ತೇನೆಂದು ನಲವತ್ತು ವರ್ಷ ನನ್ನನ್ನು ಅಂಗಡಿಗೂ ಒಬ್ಬನನ್ನೇ ಕಳಿಸದವಳು ಅವಳು.

ಅದಕ್ಕೇ ಗೂಟ ಕಿತ್ತು ಐದು ಅಡಿ ಮೇಲೆ ನೆಟ್ಟಿದ್ದೇನೆ. ಸರ್ವೆಯವರನ್ನು ಬೈಯಬೇಡಿ. ನೀರು ಅಲ್ಲಿಯವರೆಗೆ ಬರಬೇಕಿಲ್ಲ. ಕಾಗದದಲ್ಲಿ ಬಂದರೆ ಸಾಕು.

ನಾಳೆ ಹತ್ತು ಗಂಟೆಗೆ ಅಳತೆ ನೋಡಲು ನೀವೇ ಬರುತ್ತೀರಂತೆ. ನಾನು ಮನೆಯಲ್ಲಿರುತ್ತೇನೆ.

ಇಂತಿ,
ಅರ್ಧ ಮುಳುಗುವ ಮನೆಯವನು