ಮೂರು ಕಿಲೋ ನಿಂಬೆಹಣ್ಣು

ಇಂಡಿ
12 ಸೆಪ್ಟೆಂಬರ್ 2025, ಶುಕ್ರವಾರ

ನನ್ನ ಮುದ್ದು ನಿಷತಾ,

ನಿನಗೆ ಅವ್ವನ ಸಲಾಂ, ಹೊಟ್ಟೆಯೊಳಗಿನ ಕೂಸಿಗೆ ನೂರು ದುವಾ. ಕಾಗದ ನೋಡಿ ಗಾಬರಿಯಾಗಬೇಡ. ಫೋನಿನಲ್ಲಿ ಹೇಳಲು ಹೋದರೆ ಅತ್ತುಬಿಡುತ್ತೇನೆ, ಅದಕ್ಕೇ ಬರೆದು ನಿಮ್ಮಪ್ಪನ ಕೈಯಲ್ಲಿ ಗೊಳಸಂಗಿಗೆ ಕಳಿಸುತ್ತಿದ್ದೇನೆ. ಕರೆದೊಯ್ಯಲು ಬಂದಿದ್ದಾರೆಂದು ನೀನು ಚೀಲ ಕಟ್ಟಿಕೊಂಡು ಕೂತಿರುತ್ತೀ. ಚೀಲ ಬಿಚ್ಚು ಮಗಳೇ. ಹೆರಿಗೆಗೆ ನೀನು ಇಂಡಿಗೆ ಬರಬೇಡ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನನಗೆ ಗೊತ್ತಿಲ್ಲವೇ? ಏಳನೇ ತಿಂಗಳಲ್ಲಿ ಕರೆಯಬೇಕಿತ್ತು, ಬಚ್ಚಲ ಫರಸಿ ಕಲ್ಲು ಕೀಳಿಸಿದ್ದೇವೆ ಎಂದೆ. ಎಂಟರಲ್ಲಿ ನಿಮ್ಮಪ್ಪನಿಗೆ ನಿಂಬೆ ಮಾರ್ಕೆಟ್ಟಿನಲ್ಲಿ ಪುರಸೊತ್ತಿಲ್ಲ ಎಂದೆ. ಎರಡೂ ಸುಳ್ಳು. ಬಚ್ಚಲು ಇದ್ದ ಹಾಗೇ ಇದೆ. ಈಗ ಒಂಬತ್ತು ತುಂಬುತ್ತಿದೆ, ನಿನ್ನ ಅತ್ತೆ ತರನ್ನುಮ ನಮ್ಮ ಬಗ್ಗೆ ಏನೆಂದುಕೊಂಡಿದ್ದಾರೋ. ನನಗೆ ಮುಖ ಎತ್ತಲಾಗುತ್ತಿಲ್ಲ.

ಹೋದ ಚಳಿಗಾಲದಲ್ಲಿ ನನಗೆ ಜ್ವರ ಬಂದಿತ್ತಲ್ಲ, ಅದು ಬಲಗಿವಿಯೊಳಗಿನ ಸಮತೋಲದ ನರವನ್ನು ಕೆಡಿಸಿ ಹೋಯಿತಂತೆ. ಸಜ್ದಾಕ್ಕೆ ಹಣೆಯನ್ನು ನೆಲಕ್ಕೆ ಹಚ್ಚಿ ಎದ್ದರೆ ಗೋಡೆ, ಗಡಿಯಾರ, ಚಾಪೆ ಎಲ್ಲ ಗರಗರ ತಿರುಗುತ್ತಿದ್ದವು. ಹೆದರಿ ಕುರ್ಚಿಯ ಮೇಲೆ ಕೂತು ನಮಾಜು ಮಾಡತೊಡಗಿದೆ. ಔಷಧದಂಗಡಿಯಿಂದ ತಲೆಸುತ್ತಿನ ಗುಳಿಗೆ ತರಿಸಿ ನಾಲ್ಕು ತಿಂಗಳು ನುಂಗಿದೆ. ನಿನ್ನ ವಿಡಿಯೋ ಕಾಲ್ ಬಂದಾಗಲೆಲ್ಲ ಗೋಡೆಗೆ ಬೆನ್ನು ಹಚ್ಚಿ ಕೂತಿರುತ್ತಿದ್ದೆ. "ಅವ್ವಾ, ಏನ ಫೋಟೋಕ್ಕ ಕುಂತಂಗ ಕುಂತೀಯಲ್ಲ" ಎಂದು ನೀನು ನಗುತ್ತಿದ್ದೆ. ನಾನೂ ನಗುತ್ತಿದ್ದೆ, ತಲೆ ಅಲುಗಿಸದೆ.

ರಂಜಾನ್ ಮುಗಿದು ಕೆಲವು ದಿನಕ್ಕೆ ಯಾಕೋ ಮನಸ್ಸು ಬಂದು, ಫಿಜಿಯೋಥೆರಪಿ ಮಾಡುವ ಶುಭಾ ಬಾಯಿಯ ಹತ್ತಿರ ಹೋದೆ. ನನ್ನ ಕುರ್ಚಿಯ ಸುದ್ದಿ ಕೇಳಿ ಅವರು ಹಣೆ ಬಡಿದುಕೊಂಡರು. "ಅಲ್ರೀ ಜನ್ನತಬಿ, ಬಗ್ಗೂದು, ಏಳೂದು, ಕತ್ತ ಆ ಕಡೆ ಈ ಕಡೆ ತಿರಗಸೂದು, ನಾ ಹೇಳಿಕೊಡೂದು ಇದನ್ನರಿ. ನಿಮಗ ದಿನಾ ಐದು ಹೊತ್ತು ಇತ್ತು. ಅದನ್ನ ಬಿಟ್ಟು ಕುರ್ಚಿ ಹಿಡದ್ರಲ್ಲ!" ಎಂದರು. ಕೆಟ್ಟ ನರ ಮರಳಿ ಬರುವುದಿಲ್ಲವಂತೆ. ಇನ್ನೊಂದು ಕಿವಿಯನ್ನೇ ನಂಬಿ ನಿಲ್ಲುವುದನ್ನು ಮೆದುಳು ಹೊಸದಾಗಿ ಕಲಿಯಬೇಕಂತೆ. ಮೊದಲ ವಾರಗಳಲ್ಲೇ ಶುರು ಮಾಡಿದ್ದರೆ ಬೇಗ ಕಲಿಯುತ್ತಿತ್ತಂತೆ. ನಾನು ಗುಳಿಗೆ ಕೊಟ್ಟು ಅದನ್ನು ಮಲಗಿಸಿಟ್ಟಿದ್ದೆ.

ಅಂದಿನಿಂದ ಒಂದು ದಿನವೂ ಬಿಟ್ಟಿಲ್ಲ. ಗೋಡೆಗೆ ಕಾಗದ ಅಂಟಿಸಿ ನಿನ್ನ ಹೆಸರಿನ 'ನಿ' ಅಕ್ಷರವನ್ನು ದೊಡ್ಡದಾಗಿ ಬರೆದಿದ್ದೇನೆ. ಕಣ್ಣು ಅದರ ಮೇಲಿಟ್ಟು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಬೇಕು, ಅಕ್ಷರ ಅಲುಗಬಾರದು. ಹಾಳಾದ್ದು, ಇವತ್ತಿಗೂ ಕುಣಿಯುತ್ತದೆ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕಾಲು ಜೋಡಿಸಿ, ಕಣ್ಣು ಮುಚ್ಚಿ ನಿಲ್ಲುತ್ತೇನೆ. ಹಿಂದೆ ನಿಮ್ಮಪ್ಪ ಎರಡೂ ಕೈ ಚಾಚಿಕೊಂಡು ನಿಂತಿರುತ್ತಾರೆ. "ಕೋಳಿ ಹಿಡಿಯಾಕ ನಿಂತಂಗ ನಿಂತೀರಲ್ರಿ" ಎಂದು ಬೈದರೂ ಸರಿಯುವುದಿಲ್ಲ.

ಇನ್ನು ನಿಂಬೆಹಣ್ಣು. ಇದು ಶುಭಾ ಬಾಯಿ ಹೇಳಿದ್ದಲ್ಲ, ನನ್ನದೇ ಹುಚ್ಚು. ನಿನ್ನ ಹಳೆಯ ದುಪಟ್ಟಾದಲ್ಲಿ ಮೂರು ಕಿಲೋ ನಿಂಬೆಹಣ್ಣು ಸುತ್ತಿ, ಕೂಸಿನ ಹಾಗೆ ಎದೆಗೆ ಹಚ್ಚಿಕೊಂಡು, ತಲೆ ತಿರುಗಿಸುತ್ತ ಬಾಗಿಲಿನಿಂದ ಬಚ್ಚಲಿನವರೆಗೆ ಇಪ್ಪತ್ತು ಹೆಜ್ಜೆ ನಡೆಯುವುದು. ಮೂರೇ ಕಿಲೋ ಯಾಕೆ ಎಂದು ನಿಮ್ಮಪ್ಪ ಕೇಳಿದರು. ನಾನು ದುಪಟ್ಟಾದ ಗಂಟು ಬಿಗಿದೆ. ಈ ಓಣಿಯ ಅರ್ಧ ಕೂಸುಗಳಿಗೆ ಮಣೆಯ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆದವಳು ನಾನು. ನಿನ್ನ ಕೂಸಿಗೂ ನಾನೇ ಎರೆಯಬೇಕು ಅನ್ನುವುದೊಂದೇ ಆಸೆ ಇತ್ತು ನಿಷತಾ.

ಮೊನ್ನೆ ಸೋಮವಾರ ಮೊದಲ ಸಲ ಇಪ್ಪತ್ತೂ ಹೆಜ್ಜೆ ಮುಗಿಸಿದೆ! ಅದೇ ಖುಷಿಯಲ್ಲಿ ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಗಂಟನ್ನು ಕಾಲ ಮೇಲಿಟ್ಟುಕೊಂಡು, ತಂಬಿಗೆ ತೆಗೆಯಲು ಬಲಕ್ಕೆ ಬಗ್ಗಿದೆ. ಅಷ್ಟೇ. ಕಣ್ಣು ಬಿಟ್ಟಾಗ ಕೆನ್ನೆ ಫರಸಿಯ ಮೇಲಿತ್ತು, ಹಣ್ಣುಗಳು ಮೋರಿಯವರೆಗೆ ಉರುಳಿದ್ದವು. ನಿಮ್ಮಪ್ಪ ಒಂದೊಂದಾಗಿ ಆರಿಸಿದರು.

ಮರುದಿನ ಶುಭಾ ಬಾಯಿ ನನ್ನನ್ನು ಮತ್ತೆ ನಡೆಸಿ ನೋಡಿದರು. "ಸುಳ್ಳ ಹೇಳಾಂಗಿಲ್ರಿ. ನೀವೊಬ್ರ ಅಡ್ಡಾಡೂದು ಇನ್ನೊಂಚೂರು ಸುಧಾರಿಸೀತು. ಕೂಸಿನ್ನ ಎತ್ಕೊಂಡು ಬಗ್ಗೂದು ಮಾತ್ರ ಬ್ಯಾಡ. ಮುಂದರ ಆಗತೈತಿ ಅಂತ ಮಾತ ಕೊಡಾಕ ನನಗ ಆಗೂದಿಲ್ಲ" ಎಂದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ನೀನು ಇಲ್ಲಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅಳುವ ಕೂಸನ್ನು ಎತ್ತಿಕೊಳ್ಳದೆ ಕೂರುವುದು ನನ್ನಿಂದಾಗದು. ಅದಕ್ಕೇ ನೀನೂ ಬರಬೇಡ, ನಾನೂ ಅಲ್ಲಿಗೆ ಬರುವುದಿಲ್ಲ. ತರನ್ನುಮ ಬಾಣಂತನ ಮಾಡಲಿ, ಅವರೇ ಎರೆಯಲಿ. ನೀರನ್ನು ಮೊಣಕೈಯಿಂದ ಮುಟ್ಟಿ ನೋಡಲು ಹೇಳು. ಕುತ್ತಿಗೆಯ ಕೆಳಗಿನ ಕೈ ತೆಗೆಯಬಾರದು. ಅವರಿಗೆಲ್ಲ ಗೊತ್ತಿರುತ್ತದೆ, ನಾನ್ಯಾಕೆ ಹೇಳುತ್ತಿದ್ದೇನೋ.

ಎದುರುಮನೆಯ ಸುಮಿತ್ರಾಬಾಯಿ ದಿನಾ ಸಂಜೆ ಬಾಗಿಲಿಗೆ ಬಂದು "ನಿಷತಗ ಬರದೀ ಇಲ್ಲೋ?" ಎಂದು ಕೇಳುತ್ತಾಳೆ. ಇವತ್ತು ಬರೆದೆ ಎನ್ನುತ್ತೇನೆ.

ನನ್ನ ಮೇಲೆ ಸಿಟ್ಟಾಗು, ಊಟ ಮಾತ್ರ ಬಿಡಬೇಡ.

ನಿನ್ನನ್ನು ತವರಿಗೆ ಕರೆಯಲಾಗದ ಅವ್ವ,
ಜನ್ನತಬಿ

ತಾ.ಕ.: ಯಾಕೋ ಮನಸ್ಸು ಬಂದು ಶುಭಾ ಬಾಯಿಯ ಹತ್ತಿರ ಹೋದೆ ಎಂದು ಬರೆದೆನಲ್ಲ, ಅದೂ ಸುಳ್ಳು. ಅದರ ಹಿಂದಿನ ದಿನ ಸುಮಿತ್ರಾಬಾಯಿಯ ಮೊಮ್ಮಗಳಿಗೆ, ಹನ್ನೆರಡು ದಿನದ ಕೂಸಿಗೆ, ಎರೆಯಲು ಕೂತಿದ್ದೆ. ನನಗೆ ತಲೆಸುತ್ತು ಇದೆಯೆಂದು ಅವರಿಗೆ ಹೇಳಿರಲಿಲ್ಲ. ಕೂಸು ನನ್ನ ಕಾಲ ಮೇಲಿಂದ ಜಾರಿತು. ತಲೆ ಫರಸಿಗೆ ಬಡಿಯುವ ಮೊದಲೇ ಸುಮಿತ್ರಾಬಾಯಿ ಒಂದು ಕಾಲು ಹಿಡಿದು ಎತ್ತಿಬಿಟ್ಟಳು. ಕೂಸು ಚೆನ್ನಾಗಿದೆ. ಇವತ್ತಿಗೂ ಅವಳು ಈ ಮಾತನ್ನು ಕೂಸನ್ನು ಹೆತ್ತ ಮಗಳಿಗೂ ಹೇಳಿಲ್ಲ. ನಾನು ನಿನಗೆ ಬರೆಯದಿದ್ದರೆ ಗೊಳಸಂಗಿಗೆ ತಾನೇ ಹೋಗಿ ಹೇಳುತ್ತೇನೆ ಎಂದಿದ್ದಳು. ಕೂಸು ಜಾರಿದ ದಿನ ಬೆಳಿಗ್ಗೆಯಷ್ಟೇ ಅದನ್ನು ದವಾಖಾನೆಯಲ್ಲಿ ತೂಗಿಸಿಕೊಂಡು ಬಂದಿದ್ದರು. ಮೂರು ಕಿಲೋ ಇತ್ತು.