ಮೂರು ತಿಂಗಳ ಡ್ರೈವರು

ಜೂನ್ ೧೮, ಬುಧವಾರ

ಪ್ರೀತಿಯ ತಂಗಿಗೆ,

ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದಕ್ಕೆ ಉತ್ತರ ಬರೆಯುವಷ್ಟರಲ್ಲಿ ಎರಡನೆಯದೂ ಬಂತು. ತಡವಾಯಿತು, ಹೊಟ್ಟೆಗೆ ಹಾಕಿಕೋ. ವೈದ್ಯರ ವರದಿಯ ನಕಲು ಕೈಗೆ ಬರಲಿ ಎಂದು ಕಾಯುತ್ತಿದ್ದೆ. ಅದು ನಿಜ, ಆದರೆ ಅರ್ಧ ನಿಜ. ವರದಿ ಬಂದು ಒಂಬತ್ತು ದಿನವಾಯಿತು. ದಿನವೂ ಕೂತು "ಇಲ್ಲಿ ಎಲ್ಲ ಕ್ಷೇಮ" ಎಂದು ಶುರುಮಾಡಿ ಹಾಳೆ ಹರಿದಿದ್ದೇನೆ. ಇವತ್ತು ಆ ಸಾಲನ್ನೇ ಬಿಟ್ಟುಬಿಟ್ಟಿದ್ದೇನೆ. ಎರಡು ಸಲ ಇಲ್ಲಿನ ಅಂಗಡಿಯವನ ಫೋನಿನಿಂದ ಕರೆಯೂ ಮಾಡಿದ್ದೆ. ನಿನ್ನ "ಹಲೋ" ಕೇಳಿದ ಕೂಡಲೇ ಇಟ್ಟುಬಿಟ್ಟೆ. ಅದು ಯಾರೋ ರಾಂಗ್ ನಂಬರ್ ಎಂದುಕೊಂಡಿರುತ್ತೀಯ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. ನಿನ್ನ ಗಂಡ ಕುಡಿದಿರಲಿಲ್ಲ. ರಕ್ತದಲ್ಲಿ ಒಂದು ಹನಿ ಹೆಂಡವೂ ಇರಲಿಲ್ಲ ಎಂದು ವರದಿಯಲ್ಲಿ ಸ್ಪಷ್ಟವಾಗಿದೆ. ನಕಲನ್ನು ಇದರ ಜೊತೆ ಇಟ್ಟಿದ್ದೇನೆ. ಅಂತ್ಯಕ್ರಿಯೆಯ ದಿನ ನಿನ್ನ ಭಾವ ಎಲ್ಲರ ಎದುರು ಕೂಗಿದರಲ್ಲ, "ಕುಡಿದು ಓಡ್ಸಿ ಇನ್ನೊಬ್ರನ್ನೂ ಕೊಂದ" ಅಂತ, ಅವರಿಗೆ ಇದನ್ನು ತೋರಿಸು. ನಿಮ್ಮ ಬೀದಿಯವರಿಗೂ ತೋರಿಸು. ನಾನು ಅವತ್ತು ಹಿಂದೆ ಕಂಬದ ಹತ್ತಿರ ನಿಂತಿದ್ದೆ. ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂಬುದನ್ನು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು.

ಕಾರ್ಖಾನೆ ಮುಚ್ಚಿದ ಮೇಲೆ ನಾವಿಬ್ಬರೂ ಕೆಲಸ ಹುಡುಕಿದ ಕಥೆ ನಿನಗೆ ಅರ್ಧ ಗೊತ್ತು. ಇಪ್ಪತ್ತೆರಡು ವರ್ಷ ಅದೇ ಕಾರ್ಖಾನೆಯ ಕಾರ್ಮಿಕರನ್ನು ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೊತ್ತವರು ನಾವು. ಅವನು ಬೆಳಗಿನ ಪಾಳಿ, ನಾನು ಸಂಜೆಯದು. ರಸ್ತೆಗೆ ಬಿದ್ದ ಕಾಗದದ ಚೂರಿಗೂ ಬ್ರೇಕ್ ಹಾಕುತ್ತಾನೆ ಅಂತ ಕಾರ್ಮಿಕರು ಅವನಿಗೆ ಬ್ರೇಕಣ್ಣ ಎಂದು ಹೆಸರಿಟ್ಟಿದ್ದರು. ಅಂಥವನಿಗೂ ಯಾರೂ ಕೆಲಸ ಕೊಡಲಿಲ್ಲ. ಲಾರಿ ಕಚೇರಿಯಲ್ಲಿ ನಲವತ್ತೈದು ದಾಟಿದವರು ಬೇಡ ಅಂದರು. ಬಾಡಿಗೆ ಕಾರಿನವರು "ಅಂಕಲ್, ಮೊಬೈಲ್ ಮ್ಯಾಪ್ ನೋಡೋಕೆ ಬರುತ್ತಾ?" ಅಂದರು. ಶಾಲೆಗೆ ರಜೆ ಬಿದ್ದಿದ್ದರಿಂದ ಶಾಲಾ ವಾಹನದ ಚಾಲಕರೆಲ್ಲ ನಮ್ಮ ಸಾಲಿನಲ್ಲೇ ಬಂದು ನಿಂತಿದ್ದರು. ಒಂದು ಸೀಟಿಗೆ ಮೂವತ್ತು ಜನ.

ಆಗಲೇ ಅಲ್ಲವೇ ನೀನು ನಮ್ಮಿಬ್ಬರನ್ನೂ ಹಿತ್ತಿಲಲ್ಲಿ ಕೂರಿಸಿ ತಲೆಗೆ ಬಣ್ಣ ಹಚ್ಚಿದ್ದು? "ಎರಡು ಮುದಿ ಕಾಗೆ" ಎಂದು ನೀನು ನಕ್ಕಿದ್ದು ಈಗಲೂ ಕಿವಿಯಲ್ಲಿದೆ. ಆ ಬಣ್ಣ ಬೆಟ್ಟದ ಬುಡದ ಊರು ಸೇರುವ ಹೊತ್ತಿಗೆ ಬೆವರಿನಲ್ಲಿ ಕರಗಿ ಅವನ ಕಾಲರಿಗೆ ಇಳಿದಿತ್ತು. ಪ್ರವಾಸಿ ಬಸ್ಸುಗಳ ಯಾರ್ಡಿನ ಮೇಲ್ವಿಚಾರಕ ಅವನ ಕುತ್ತಿಗೆ ನೋಡಿ, "ನಾನು ಕೂದಲಿಗೆ ಕೆಲಸ ಕೊಡಲ್ಲ ಯಜಮಾನ್ರೇ, ಕೈಗೆ ಕೊಡ್ತೀನಿ. ಹತ್ತಿ, ಬಸ್ಸು ಹತ್ತಿ" ಅಂದ.

ಮೇಲೆ ಬೆಟ್ಟದ ತುದಿಯಲ್ಲಿ ಒಂದು ಕೆರೆ. ಬೇಸಿಗೆಯಲ್ಲಿ ತಂಪು ಹುಡುಕಿಕೊಂಡು ಜನ ಬರುತ್ತಾರೆ. ಅವರನ್ನು ಕೆಳಗಿನ ರೈಲು ನಿಲ್ದಾಣದಿಂದ ಹತ್ತಿಸುವುದು, ಇಳಿಸುವುದು. ಹದಿನಾಲ್ಕು ತಿರುವು. ಪರೀಕ್ಷೆಯಲ್ಲಿ ಅವನು ಬಸ್ಸನ್ನು ನೀರು ಹರಿದಂತೆ ತಿರುಗಿಸಿದ. ನನ್ನ ಸರದಿ ಬಂದಾಗ ಹಿಂದಕ್ಕೆ ತೆಗೆಯುವಾಗ ಗೋಡೆಗೆ ಉಜ್ಜಿದೆ. ಮೇಲ್ವಿಚಾರಕ ಅವನೊಬ್ಬನ ಹೆಸರು ಬರೆದುಕೊಂಡ. ಅದಕ್ಕೆ ನಿನ್ನ ಗಂಡ ಏನೆಂದ ಗೊತ್ತಾ? "ಇಬ್ರನ್ನೂ ತಗೊಳ್ಳಿ, ಇಲ್ಲಾಂದ್ರೆ ಇಬ್ರೂ ಬೇಡ." ಮೇಲ್ವಿಚಾರಕ ಗೊಣಗಿಕೊಂಡೇ ನನ್ನನ್ನೂ ಸೇರಿಸಿಕೊಂಡ. ಕಣ್ಣಿನ ಪರೀಕ್ಷೆಗೆ ಗೋಡೆಯ ಮೇಲಿನ ಕ್ಯಾಲೆಂಡರ್ ಓದಿಸಿದರು. ತಲೆ ತಿರುಗುತ್ತಾ, ಎದೆ ನೋಯುತ್ತಾ ಎಂದು ಯಾರೂ ಕೇಳಲಿಲ್ಲ. ಅಲ್ಲಿ ನಮ್ಮಂಥವರಿಗೆ ಹೆಸರೇ "ಮೂರು ತಿಂಗಳ ಡ್ರೈವರು". ಬೇಸಿಗೆ ಮುಗಿದ ಮೇಲೆ ನಾವು ಯಾರೋ, ಅವರು ಯಾರೋ.

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ಮಂಚ. ತಗಡಿನ ಮಾಡು. ಹಗಲು ಒಲೆ, ರಾತ್ರಿ ಕೆಂಡ. ಆದರೂ ಮೊದಲ ಎರಡು ವಾರ ನಾವು ಖುಷಿಯಾಗಿದ್ದೆವು, ತಂಗಿ. ಸ್ಟೇರಿಂಗು ಕೈಗೆ ಬಂದಿತ್ತಲ್ಲ. ಅವನು ಬೆಳಿಗ್ಗೆ ಶೇವ್ ಮಾಡಿಕೊಳ್ಳುವಾಗ ಶಿಳ್ಳೆ ಹಾಕುತ್ತಿದ್ದ. ಮನೆಯಲ್ಲಿ ಕೂತಿದ್ದ ಮೂರು ತಿಂಗಳು ಅವನು ಶಿಳ್ಳೆ ಹಾಕಿದ್ದನ್ನು ನೀನು ಕೇಳಿದ್ದೆಯಾ?

ಏಪ್ರಿಲ್ ಮೂರನೆಯ ವಾರ, ಗುರುವಾರ. ನನಗೆ ವಾರದ ರಜೆ. ಕೋಣೆಯ ಕಾವು ತಡೆಯಲಾರದೆ ಅವನ ಬಸ್ಸಿನಲ್ಲೇ ಪಕ್ಕದಲ್ಲಿ ಕೂತು ಮೇಲೆ ಹೊರಟೆ. ಆರನೆಯ ತಿರುವಿನಲ್ಲಿ ಏನೋ ಹೇಳುತ್ತಿದ್ದವನು ಮಾತು ನಿಲ್ಲಿಸಿದ. ತಿರುಗಿ ನೋಡಿದರೆ ಕಣ್ಣು ತೆರೆದೇ ಇದೆ, ಕೈ ಮಾತ್ರ ಸ್ಟೇರಿಂಗಿನಿಂದ ಜಾರಿ ತೊಡೆಯ ಮೇಲೆ ಬಿದ್ದಿದೆ. ಬಸ್ಸು ಅಂಚಿನ ಕಡೆಗೆ ವಾಲುತ್ತಿತ್ತು. ನಾನು ಹಾರಿ ಹಿಡಿದು ಎಳೆದೆ. ಎರಡು ಸೆಕೆಂಡು, ಹೆಚ್ಚೆಂದರೆ ಮೂರು. "ಏನಾಯ್ತೋ?" ಅಂದ, ನಿದ್ದೆಯಿಂದ ಎದ್ದವನ ಹಾಗೆ. ಹಿಂದೆ ಕೂತವರು ನಾಯಿ ಅಡ್ಡ ಬಂತೆಂದುಕೊಂಡರು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಕೆರೆಯ ಹತ್ತಿರ ಜನ ಇಳಿದ ಮೇಲೆ ಅವನನ್ನು ಬಸ್ಸಿನ ನೆರಳಿಗೆ ಕರೆದು ಕೇಳಿದೆ. ಮೊದಲು ಬಿಸಿಲು ಅಂದ. ನಾನು ಬಿಡಲಿಲ್ಲ. ಆಗ ಹೇಳಿದ, ಮನೆಯಲ್ಲೂ ಎರಡು ಸಲ ಹೀಗೆ ಆಗಿದೆಯಂತೆ. ಚಳಿಗಾಲದಲ್ಲಿ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡನಲ್ಲ, ಸೋಪಿನ ಮೇಲೆ ಕಾಲಿಟ್ಟೆ ಎಂದು ನಿನಗೆ ಹೇಳಿದನಲ್ಲ, ಅದು ಸೋಪಲ್ಲ. ನಿನಗೆ ತಿಳಿಯದಂತೆ ವೈದ್ಯರ ಹತ್ತಿರ ಹೋಗಿದ್ದ. ಹೃದಯದ ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಗಾಡಿ ಮುಟ್ಟಬಾರದು ಎಂದಿದ್ದರಂತೆ.

"ಮಾಡಿಸಿದ್ಯಾ?"

"ಇಲ್ಲ. ಮಾಡಿಸಿದ್ರೆ ಕಾಯಿಲೆ ಐತೆ ಅಂತಾರೆ. ಮಾಡಿಸ್ದೇ ಇದ್ರೆ ಇನ್ನೂ ಗೊತ್ತಿಲ್ಲ ಅಂತ ನಾನು ಹೇಳ್ಬೋದು."

"ಹಿಂದೆ ಮೂವತ್ತು ಜನ ಕೂತಿರ್ತಾರೆ ಕಣೋ."

"ಗೊತ್ತು. ಜೂನ್ ಹದಿನೈದರವರೆಗೆ ಸುಮ್ನಿರು. ಆಮೇಲೆ ಸೈಕಲ್ಲೂ ಮುಟ್ಟಲ್ಲ. ಅವಳಿಗೆ ಮಾತ್ರ ಹೇಳ್ಬೇಡ. ಹೇಳಿದ್ರೆ ನಾಳೆನೇ ಬಂದು ಕಿವಿ ಹಿಡ್ಕೊಂಡು ಕರ್ಕೊಂಡು ಹೋಗ್ತಾಳೆ."

ನೀನು ಹಾಗೇ ಮಾಡುತ್ತಿದ್ದೆ. ನನಗೂ ಗೊತ್ತಿತ್ತು. ಆದರೂ "ಆಯ್ತು" ಅಂದೆ.

ಅಂದಿನಿಂದ ನಾನೊಬ್ಬ ಅರೆಬರೆ ವೈದ್ಯನಾದೆ. ಉಪ್ಪು ಸಕ್ಕರೆ ಕಲಸಿದ ನೀರನ್ನು ಬಾಟಲಿಗೆ ತುಂಬಿಸಿ ಕೊಟ್ಟೆ. ಖಾಲಿ ಹೊಟ್ಟೆಯಲ್ಲಿ ಹೊರಡಲು ಬಿಡುತ್ತಿರಲಿಲ್ಲ. ಅವನ ಮುಖ ಬಿಳಿಚಿಕೊಂಡ ದಿನ ಮೇಲ್ವಿಚಾರಕನಿಗೆ ಏನೋ ನೆಪ ಹೇಳಿ ಅವನ ಟ್ರಿಪ್ಪನ್ನೂ ನಾನೇ ಓಡಿಸಿದೆ. ಹೀಗೆ ಮೂರು ನಾಲ್ಕು ಸಲ. ಮನಸ್ಸಿನಲ್ಲಿ ಒಂದು ಹೆಮ್ಮೆಯೂ ಇತ್ತು, ಗೆಳೆಯನನ್ನು ಕಾಪಾಡುತ್ತಿದ್ದೇನೆಂದು. ಹಿಂದೆ ಕೂರುವವರನ್ನು ಯಾರು ಕಾಪಾಡುತ್ತಿದ್ದಾರೆ ಎಂದು ಯೋಚಿಸಲಿಲ್ಲ. ಯೋಚನೆ ಬಂದರೆ ಆ ಕಡೆ ತಿರುಗಿ ಮಲಗುತ್ತಿದ್ದೆ.

ಮೇ ಎಂಟು, ಅದೂ ಗುರುವಾರ. ಬೆಳಿಗ್ಗೆ ಅವನು ಶೇವ್ ಮಾಡಿಕೊಂಡು, ಬಾಟಲಿ ತುಂಬಿಸಿಕೊಂಡು ಹೋದ. ಮಧ್ಯಾಹ್ನ ಎರಡರ ಸುಮಾರಿಗೆ ಟೈರ್ ಅಂಗಡಿಯವನು ಬಾಗಿಲು ಬಡಿದು, "ನಿಮ್ಮ ಬ್ರೇಕಣ್ಣನ ಬಸ್ಸು" ಎಂದಷ್ಟೇ ಹೇಳಿದ.

ಇಳಿಯುವಾಗ ಮೂರನೆಯ ತಿರುವು. ಪ್ರಪಾತದ ಕಡೆಗಲ್ಲ, ಒಳಗಿನ ಬಂಡೆಗೆ ಬಡಿದಿತ್ತು. ಅದಕ್ಕೇ ಉಳಿದವರು ಉಳಿದರು. ಹನ್ನೊಂದು ಜನರಿಗೆ ಗಾಯ. ಅವನು ಅಲ್ಲೇ ಹೋಗಿದ್ದ. ನಾನು ಹೋಗುವಷ್ಟರಲ್ಲಿ ಸೀಟಿನಿಂದ ತೆಗೆದು ರಸ್ತೆಯ ಬದಿ ಮಲಗಿಸಿ ಯಾರದೋ ಟವೆಲ್ ಹೊದಿಸಿದ್ದರು. ನೋವು ತಿಂದಿರಲಾರ, ಬಡಿಯುವ ಮೊದಲೇ ಹೃದಯ ನಿಂತಿತ್ತೆಂದು ವರದಿ ಹೇಳುತ್ತದೆ. ಅದನ್ನು ನಾಲ್ಕು ಸಲ ಓದಿದೆ. ನೀನೂ ಓದು.

ಮುಂದಿನ ಸೀಟಿನಲ್ಲಿ ಕೂತಿದ್ದ ಒಬ್ಬ ನಿವೃತ್ತ ಟೀಚರಮ್ಮ ತೀರಿಕೊಂಡರು. ದಾರಿ ಚೆನ್ನಾಗಿ ಕಾಣಲಿ ಎಂದು ಕೆರೆಯ ಹತ್ತಿರ ಯಾರ ಜೊತೆಗೋ ಸೀಟು ಬದಲಿಸಿಕೊಂಡಿದ್ದರಂತೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರ ಯಜಮಾನರು ನಿಂತಿದ್ದರು. ತೆಳ್ಳಗಿನ ಮನುಷ್ಯ, ಒಂದು ಕಾಲಿಗೆ ಮಾತ್ರ ಚಪ್ಪಲಿ. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಸಹಿ ಹಾಕಲು ಕರೆದಾಗ, "ಒಂಚೂರು ಇದನ್ನ ಹಿಡ್ಕೊಳ್ತೀರಾ?" ಎಂದು ಆಯಮ್ಮನ ಕೈಚೀಲವನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅರ್ಧ ಗಂಟೆ ಹಿಡಿದು ನಿಂತಿದ್ದೆ. ಚೀಲದೊಳಗೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಯಾರೋ ಅವರನ್ನು ಕರೆಯುತ್ತಿದ್ದರು. ಯಜಮಾನರು ಹೊರಗೆ ಬಂದು ಚೀಲ ತೆಗೆದುಕೊಂಡು, "ಉಪಕಾರ ಆಯ್ತಪ್ಪಾ" ಅಂದರು.



ಮೇಲ್ವಿಚಾರಕ ಮರುದಿನ ನನ್ನನ್ನು ಯಾರ್ಡಿನ ಹಿಂದೆ ಕರೆದ. "ನೋಡಿ, ಕುಡಿದಿದ್ದ ಅಂದ್ಬಿಡಿ. ಸತ್ತೋನಿಗೆ ಏನಾಗ್ಬೇಕು? ನಿಮ್ಮ ಸೀಟು ನಿಮಗಿರುತ್ತೆ" ಅಂದ. ಕುಡಿದಿದ್ದ ಎಂದರೆ ತಪ್ಪೆಲ್ಲ ಅವನೊಬ್ಬನದು. ಕಾಯಿಲೆ ಎಂದರೆ ತಪಾಸಣೆ ಇಲ್ಲದೆ ಸೀಟು ಕೊಟ್ಟವರದೂ ಹೌದು. ಊರಿಗೆಲ್ಲ ಆ ಸುಳ್ಳು ಹಬ್ಬಿದ್ದು ಅಲ್ಲಿಂದಲೇ, ನಿನ್ನ ಭಾವನ ಕಿವಿಗೆ ಬಿದ್ದದ್ದೂ ಅದೇ. ನಾನು ಹಾಗೆ ಹೇಳಲಾರೆ ಎಂದೆ. ಆದರೆ ನಿಜ ಹೇಳಬೇಕಾದರೆ ನನಗೂ ಗೊತ್ತಿತ್ತೆಂದು ಹೇಳಬೇಕು. ಅದಕ್ಕೇ ಅಂತ್ಯಕ್ರಿಯೆಯಲ್ಲಿ ಬಾಯಿಗೆ ಬೀಗ ಬಿದ್ದಿತ್ತು. ಊರಿನಿಂದ ವಾಪಸು ಬಂದವನು ನೇರ ಠಾಣೆಗೆ ಹೋಗಿ ಎಲ್ಲ ಬರೆಸಿ ಸಹಿ ಹಾಕಿದೆ. ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ನಿಲ್ಲಿಸಿ, "ಗೊತ್ತಿದ್ದೂ ಸುಮ್ನಿದ್ರಾ?" ಅಂದ. "ಹೌದು" ಅಂದೆ. "ಇದನ್ನೂ ಬರೀಲಾ?" ಅಂದ. "ಬರೀರಿ" ಅಂದೆ.

ಟೀಚರಮ್ಮನ ಮನೆಗೂ ಹೋಗಿದ್ದೆ. ಯಜಮಾನರೇ ಬಾಗಿಲು ತೆಗೆದರು. ಗುರುತು ಹಿಡಿದು, "ಚೀಲ ಹಿಡ್ಕೊಂಡಿದ್ರಲ್ಲ, ಬನ್ನಿ" ಅಂದರು. ಹೊಸ್ತಿಲಲ್ಲೇ ನಿಂತು ಹೇಳಿದೆ. ಅವರು ಪೂರ್ತಿ ಕೇಳಿದರು. ಬೈಯಲಿಲ್ಲ. ಬಾಗಿಲು ಹಾಕಿಕೊಂಡರು, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಈಗ ನನಗೆ ಬಸ್ಸಿಲ್ಲ. ಸಾಕ್ಷಿಗೆ ಕರೆದಾಗ ಬರಬೇಕೆಂದು ಊರು ಬಿಟ್ಟು ಹೋಗದಂತೆ ಹೇಳಿದ್ದಾರೆ. ಕೆಳಗಿನ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತೇನೆ. ಕೈಗೆ ಕೆಲಸವಿದ್ದರೆ ಹೊತ್ತು ಹೋಗುತ್ತದೆ. ಮೊನ್ನೆ ಬೇಸಿಗೆಯ ಬಸ್ಸುಗಳೆಲ್ಲ ಯಾರ್ಡಿಗೆ ಬಂದು ನಿಂತವು. ಮೂರು ತಿಂಗಳ ಡ್ರೈವರುಗಳು ಗಂಟುಮೂಟೆ ಕಟ್ಟಿಕೊಂಡು ಹೋದರು. ಮೊದಲ ಮಳೆಯೂ ಬಂತು.

ಅವನ ಪೆಟ್ಟಿಗೆಯನ್ನು ಪಾರ್ಸೆಲ್ ಮಾಡಿದ್ದೇನೆ. ಎರಡು ಅಂಗಿ, ಕನ್ನಡಕ, ಶೇವಿಂಗ್ ಸಾಮಾನು, ಮಗಳು ಕೊಟ್ಟಿದ್ದ ಉಣ್ಣೆಯ ಟೋಪಿ. ಈ ಬಿಸಿಲಿಗೆ ಯಾಕೋ ಎಂದರೆ ಮೇಲೆ ಕೆರೆಯ ಹತ್ತಿರ ಗಾಳಿ ಇದೆ ಅನ್ನುತ್ತಿದ್ದ. ಮಗಳ ನರ್ಸಿಂಗ್ ಪರೀಕ್ಷೆ ಮುಂದಕ್ಕೆ ಹಾಕಿಸಬೇಡ. ಬರೆಯಲಿ, ಅವಳಿಗೆ ಒಳ್ಳೆಯದಾಗಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾವನ ಜೊತೆ ಜಗಳಕ್ಕೆ ನಿಲ್ಲಬೇಡ, ವರದಿ ತೋರಿಸಿ ಸುಮ್ಮನಾಗು. ನಾನು ನಿನಗೆ ಹೇಳದೆ ಮುಚ್ಚಿಟ್ಟದ್ದನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆಶೀರ್ವಾದ ಮಾಡುವ ಯೋಗ್ಯತೆ ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ಅಣ್ಣ ಎಂದು ನೀನು ಕರೆದಿರುವುದರಿಂದ ಕೇಳಿಕೊಳ್ಳುತ್ತೇನೆ, ನಿನಗೂ ಮಗಳಿಗೂ ಇದಕ್ಕಿಂತ ಕೆಟ್ಟ ದಿನ ಮುಂದೆ ಬಾರದಿರಲಿ.

ಇಂತು,
ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ. ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿಯೂ ಆಗಿತ್ತು. ಒಡೆದು ಮತ್ತೆ ಬರೆಯುತ್ತಿದ್ದೇನೆ. ಇದನ್ನು ಠಾಣೆಯಲ್ಲೂ ಹೇಳಿಲ್ಲ, ಟೀಚರಮ್ಮನ ಯಜಮಾನರಿಗೂ ಹೇಳಿಲ್ಲ.

ಆ ಗುರುವಾರ ಬೆಳಿಗ್ಗೆ ಹೊರಡುವ ಮುನ್ನ ಅವನು ನನ್ನ ಮಂಚದ ಹತ್ತಿರ ಬಂದ. "ಲೋ, ಇವತ್ತೊಂದಿನ ನನ್ನ ಬಸ್ಸು ನೀನು ತಗೊಂಡು ಹೋಗ್ತೀಯಾ? ಯಾಕೋ ಮೈ ಸರಿ ಇಲ್ಲ" ಅಂದ. ನಾನು ಕಣ್ಣನ್ನು ಪೂರ್ತಿ ತೆರೆಯಲೂ ಇಲ್ಲ. "ನಂಗಿರೋದು ವಾರಕ್ಕೊಂದೇ ರಜ ಕಣೋ. ಏನೂ ಸಾಯಲ್ಲ, ಹೋಗು" ಅಂದೆ. ಅವನು "ಸರಿ ಬಿಡು, ಮಲ್ಕೋ" ಎಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಹೋದ, ಸದ್ದಾಗದಿರಲಿ ಎಂದು.

ನನಗೆ ನಿದ್ದೆ ಬಂತು, ತಂಗಿ. ಮಧ್ಯಾಹ್ನ ಬಾಗಿಲು ಬಡಿಯುವವರೆಗೂ ಚೆನ್ನಾಗಿ ನಿದ್ದೆ ಮಾಡಿದ್ದೆ.